ಎಂ.ಎಸ್ಸಿ ನರ್ಸಿಂಗ್ ಡಿಸರ್ಟೇಶನ್: ಸಿನಾಪ್ಸಿಸ್ ಬರೆಯುವ ಮೊದಲು ವಾರ್ಡಿನ ರಿಜಿಸ್ಟರ್ ಎಣಿಸಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡುತ್ತಲೇ ಎಂ.ಎಸ್ಸಿ ನರ್ಸಿಂಗ್‌ಗೆ ತಯಾರಾಗುತ್ತಿರುವವರಿಗೆ ಈ ಬರಹ. ಅರ್ಹತೆಯ ಮಾತು ಬೇಗ ಮುಗಿಯುತ್ತದೆ: ಬಿ.ಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿಯಲ್ಲಿ ಶೇ 55 ಅಂಕ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಒಂದು ವರ್ಷದ ಸೇವಾ ಅನುಭವ. 371 ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಎರಡು ವರ್ಷದ ಕೋರ್ಸಿನಲ್ಲಿ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಡಿಸರ್ಟೇಶನ್‌ನಲ್ಲಿ, ಅಂದರೆ ಸಂಶೋಧನಾ ಪ್ರಬಂಧದಲ್ಲಿ. ಅದರ ಬೇರು ಮೊದಲ ಕೆಲವು ತಿಂಗಳಲ್ಲಿ, ವಿಷಯ ಆರಿಸುವ ಹೊತ್ತಿನಲ್ಲಿ ಇರುತ್ತದೆ.

ಸುಲಭದ ದಾರಿ ಎಲ್ಲರಿಗೂ ಗೊತ್ತು: ಒಂದು ವಿಷಯದ ಬಗ್ಗೆ ಪ್ರಶ್ನಾವಳಿ ಕೊಡುವುದು, ಪಾಠ ಮಾಡುವುದು, ಏಳು ದಿನ ಬಿಟ್ಟು ಅದೇ ಪ್ರಶ್ನಾವಳಿ ಮತ್ತೆ ಕೊಡುವುದು. ಅಂಕ ಏರಿಯೇ ಏರುತ್ತದೆ. ಮೊದಲ ಪರೀಕ್ಷೆಯೇ ಅರ್ಧ ಪಾಠ ಕಲಿಸಿರುತ್ತದೆ. ರೋಗಿಗೆ ಏನು ಅನುಕೂಲವಾಯಿತು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರ ಸಿಗುವುದಿಲ್ಲ. ಎರಡು ವರ್ಷ ಖರ್ಚು ಮಾಡುವವರು ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಬೇಕು.

ಕಡಿಮೆ ತೂಕದ ಶಿಶುಗಳ ಕಾಂಗರೂ ಆರೈಕೆಯನ್ನೇ ತೆಗೆದುಕೊಳ್ಳಿ. ತಾಯಿಯ ಎದೆಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ದಿನಕ್ಕೆ 8ರಿಂದ 24 ಗಂಟೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಇದರಿಂದ ತೂಕ ಎಷ್ಟು ಬೇಗ ಏರುತ್ತದೆ ಎಂದು ಎರಡು ಗುಂಪು ಮಾಡಿ ನೋಡುವ ಆಸೆ ಸಹಜ. ಸಿನಾಪ್ಸಿಸ್‌ಗೆ (ಸಂಶೋಧನೆಯ ಯೋಜನಾ ಸಾರಾಂಶಕ್ಕೆ) ಮೊದಲು ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ರಿಜಿಸ್ಟರಿನ ಹಿಂದಿನ ಆರು ತಿಂಗಳು ಎಣಿಸಿ. ಲೆಕ್ಕ ತೋರಿಸಲು ಒಂದು ಉದಾಹರಣೆ ಹೇಳುತ್ತೇವೆ. ತಿಂಗಳಿಗೆ 2,500 ಗ್ರಾಂಗಿಂತ ಕಡಿಮೆ ತೂಕದ 40 ಮಕ್ಕಳು ದಾಖಲಾಗುತ್ತಾರೆ ಎನ್ನಿ. ಉಸಿರಾಟ ಸ್ಥಿರವಿಲ್ಲದ 12 ಮಕ್ಕಳನ್ನು ಬಿಡಬೇಕು. ದೇವದುರ್ಗದಿಂದಲೋ ಮಾನ್ವಿಯಿಂದಲೋ ಮಗುವನ್ನಷ್ಟೇ ಆಂಬುಲೆನ್ಸ್‌ನಲ್ಲಿ ಕಳಿಸಿ, ಸಿಸೇರಿಯನ್ ಆದ ತಾಯಿ ಅಲ್ಲೇ ಉಳಿದಿರುತ್ತಾಳೆ, ಅಂಥವು 9. ಎರಡು ದಿನದೊಳಗೆ ಮನೆಗೆ ಹೋಗುವವರು 4. ಒಪ್ಪಿಗೆ ಕೊಡದವರು 3. ಕೈಯಲ್ಲಿ ಉಳಿಯುವುದು 12.

ಈಗ ಎಷ್ಟು ಬೇಕು ನೋಡೋಣ. ಎರಡು ಗುಂಪಿನ ಸರಾಸರಿ ಹೋಲಿಸಲು, ಶೇ 80 ಪವರ್ (ನಿಜವಾದ ವ್ಯತ್ಯಾಸವಿದ್ದರೆ ಅದನ್ನು ಹಿಡಿಯುವ ಸಾಧ್ಯತೆ), ಶೇ 5 ಮಟ್ಟಕ್ಕೆ (ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಸಾಧ್ಯತೆ) ಒಂದು ಗುಂಪಿಗೆ ಸುಮಾರು 16 × (ಎಸ್‌ಡಿ ÷ ನಿರೀಕ್ಷಿಸುವ ವ್ಯತ್ಯಾಸ)² ಮಕ್ಕಳು ಬೇಕು. ಎಸ್‌ಡಿ ಎಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಪ್ರಮಾಣ. ದಿನದ ತೂಕ ಏರಿಕೆಯ ಎಸ್‌ಡಿ 8 ಗ್ರಾಂ, ನಿರೀಕ್ಷೆ 5 ಗ್ರಾಂ ಎಂದರೆ 41. ಮಧ್ಯದಲ್ಲಿ ಬಿಟ್ಟುಹೋಗುವವರಿಗೆ ಶೇ 20 ಇಟ್ಟರೆ 41 ÷ 0.8, ಅಂದರೆ 52. ಎರಡು ಗುಂಪಿಗೆ 104. ತಿಂಗಳಿಗೆ 12ರಂತೆ ಒಂಬತ್ತು ತಿಂಗಳ ಹತ್ತಿರ ಹೋಗುತ್ತದೆ. ಡೇಟಾ ಸಂಗ್ರಹಕ್ಕೆ ಅಷ್ಟು ಸಮಯ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಇಲ್ಲಿಗೆ ಬಂದಾಗಲೇ ಗಾಬರಿಯಾಗಿ ‘60 ಸಾಕು’ ಎಂದು ಬರೆದುಬಿಡುವುದು. 60 ಎಲ್ಲಿಂದ ಬಂತು ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಉತ್ತರವಿರುವುದಿಲ್ಲ.

ಸಂಖ್ಯೆ ಕಡಿತ ಮಾಡಬೇಡಿ, ಪ್ರಶ್ನೆಯನ್ನೇ ಬದಲಿಸಿ. ನಮ್ಮ ವಾರ್ಡಿನಲ್ಲಿ ತಾಯಂದಿರು ನಿಜವಾಗಿ ದಿನಕ್ಕೆ ಎಷ್ಟು ಗಂಟೆ ಮಗುವನ್ನು ಎದೆಗಿಟ್ಟುಕೊಳ್ಳುತ್ತಾರೆ, ಅಡ್ಡಿ ಏನು? ಸರಾಸರಿಯನ್ನು ಶೇ 95 ಖಾತ್ರಿಯೊಂದಿಗೆ ಒಂದು ಗಂಟೆ ಆಚೀಚೆ ತಿಳಿಯಲು, ಎಸ್‌ಡಿ 3 ಗಂಟೆ ಇದ್ದರೆ, (1.96 × 3 ÷ 1)², ಅಂದರೆ 35 ತಾಯಂದಿರು ಸಾಕು. ಮೂರು ತಿಂಗಳಲ್ಲಿ ಮುಗಿಯುವ ಕೆಲಸ. ಫಲಿತಾಂಶ ಮರುದಿನವೇ ವಾರ್ಡ್ ಸಿಸ್ಟರ್‌ಗಳಿಗೆ ಉಪಯೋಗಕ್ಕೆ ಬರುತ್ತದೆ. ಎಸ್‌ಡಿ ಮಾತ್ರ ಊಹೆಯಿಂದ ಹಾಕಬಾರದು. ಹಿಂದಿನ ಪ್ರಕಟಿತ ಅಧ್ಯಯನದಿಂದ ಅಥವಾ ಪೈಲಟ್‌ನಿಂದ (ಮುಖ್ಯ ಅಧ್ಯಯನಕ್ಕೆ ಮುಂಚಿನ ಚಿಕ್ಕ ಪ್ರಯೋಗದಿಂದ) ತೆಗೆದುಕೊಳ್ಳಬೇಕು.

ಎರಡು ಗುಂಪು ಮಾಡಲೇಬೇಕೆಂದರೆ ಋತುವನ್ನು ಮರೆಯಬೇಡಿ. ಒಂದೇ ವಾರ್ಡಿನಲ್ಲಿ ಎರಡೂ ಗುಂಪು ಇದ್ದರೆ ಪಕ್ಕದ ಮಂಚ ನೋಡಿ ಕಂಟ್ರೋಲ್ (ಹೊಸ ವಿಧಾನ ಕೊಡದ ಗುಂಪಿನ) ತಾಯಿಯೂ ಕಲಿಯುತ್ತಾಳೆ. ಅದಕ್ಕೆಂದು ಮೊದಲು ಕಂಟ್ರೋಲ್, ಆಮೇಲೆ ಇಂಟರ್‌ವೆನ್ಶನ್ (ವಿಧಾನ ಕೊಡುವ ಗುಂಪು) ಎಂದು ಬಹಳ ಮಂದಿ ಹಂಚುತ್ತಾರೆ. ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಮಾಡಿದರೆ ರಾಯಚೂರಿನ 40 ಡಿಗ್ರಿ ಬಿಸಿಲು ಲೆಕ್ಕದೊಳಗೆ ಬಂದು ಕೂರುತ್ತದೆ. ಬೆವರಿನಲ್ಲಿ ಮಗುವನ್ನು ಎದೆಗೆ ಅವಚಿಕೊಳ್ಳಲು ಯಾವ ತಾಯಿಗೂ ಕಷ್ಟ. ಗಂಟೆ ಕಡಿಮೆಯಾದದ್ದು ಸೆಕೆಯಿಂದಲೋ ನಿಮ್ಮ ವಿಧಾನದಿಂದಲೋ ಆಮೇಲೆ ಬೇರ್ಪಡಿಸಲಾಗದು. ಎರಡೂ ಹಂತವನ್ನು ಒಂದೇ ಋತುವಿನೊಳಗೆ ಹಿಡಿಸಿ, ವಾರ್ಡಿನ ಉಷ್ಣತೆಯನ್ನು ಪ್ರತಿ ಶಿಫ್ಟ್‌ನಲ್ಲೂ ಬರೆಯಿರಿ.

ಅಳತೆಯ ಶಿಸ್ತು ಇಷ್ಟು. ತೂಕಕ್ಕೆ ಕೊನೆತನಕ ಒಂದೇ ಡಿಜಿಟಲ್ ತಕ್ಕಡಿ, ದಿನವೂ ಅದೇ ಹೊತ್ತಿಗೆ, ಹಾಲುಣಿಸುವ ಮುಂಚೆ, ಬಟ್ಟೆಯಿಲ್ಲದೆ. ಇಡುವ ಮೊದಲು ಸೊನ್ನೆ ಬಂದಿದೆಯೇ ನೋಡಿ. ಗಂಟೆಗಳನ್ನು ಸಂಜೆ ಕೇಳಿ ಬರೆಯಬೇಡಿ, ತಾಯಂದಿರು ನಿಮ್ಮ ಮನಸ್ಸಿಗೆ ಹಿತವಾಗುವಷ್ಟು ಹೇಳುತ್ತಾರೆ. ಮಂಚಕ್ಕೆ ಒಂದು ಹಾಳೆ ತೂಗುಹಾಕಿ, ಮಗು ಎದೆಗೇರಿದ ಹೊತ್ತು, ಇಳಿದ ಹೊತ್ತು ಆಗಲೇ ಗುರುತಾಗಲಿ. ಅಜ್ಜಿಯೋ ಅತ್ತೆಯೋ ಇಟ್ಟುಕೊಂಡಿದ್ದರೆ ಅದಕ್ಕೆ ಬೇರೆ ಕಾಲಂ.

ಆರು ವಾರದ ಫಾಲೋ-ಅಪ್ ಇದ್ದರೆ ಗುಳೆಯನ್ನು ಗಮನದಲ್ಲಿಡಿ. ಹಡೆದಾಕಿ ಇರುವುದು ತವರಲ್ಲಿ, ಆಮೇಲೆ ಗಂಡನ ಮನೆಗೆ, ಅಲ್ಲಿಂದ ಕುಟುಂಬವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿರಬಹುದು. ಭೇಟಿಯನ್ನು 6 ವಾರದ ಪೆಂಟಾವೇಲೆಂಟ್ ಲಸಿಕೆಯ ದಿನಕ್ಕೇ ಹೊಂದಿಸಿ, ತಾಯಿ ಕಾರ್ಡ್ ಸಂಖ್ಯೆ, ತವರಿನ ಫೋನ್, ಆಶಾ ಕಾರ್ಯಕರ್ತೆಯ ಫೋನ್ ಮೂರನ್ನೂ ಬರೆದುಕೊಳ್ಳಿ. ಈ ವಿವರಗಳಿರುವ ಹಾಳೆಯನ್ನು ಡೇಟಾ ಹಾಳೆಯಿಂದ ಬೇರೆಯಾಗಿ ಬೀಗದಲ್ಲಿಡಬೇಕು.

ಎಥಿಕ್ಸ್ ಕಮಿಟಿ ಒಪ್ಪಿಗೆ ಪತ್ರದ ತಾರೀಖು ಮೊದಲ ಡೇಟಾ ಹಾಳೆಯ ತಾರೀಖಿಗಿಂತ ಹಿಂದಿನದಾಗಿರಬೇಕು. ಪೈಲಟ್‌ಗೂ ಇದೇ ನಿಯಮ. ಓದು ಬಾರದ ತಾಯಿ ಹೆಬ್ಬೆಟ್ಟು ಒತ್ತುವಾಗ ಓದುಬರಹ ಬಲ್ಲ ಸಾಕ್ಷಿ ಪಕ್ಕದಲ್ಲಿದ್ದು ಸಹಿ ಹಾಕಬೇಕು, ಮತ್ತು ಆ ಸಾಕ್ಷಿ ನಿಮ್ಮ ತಂಡದವರಾಗಿರಬಾರದು. ತೆಲುಗು, ಉರ್ದು, ಲಂಬಾಣಿ ಆಡುವವರಿಗೆ ಅವರ ಮಾತಿನಲ್ಲೇ ವಿವರಿಸಿ.

ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಡೇಟಾ ಮುಗಿದ ಮೇಲೆ ಹೋಗುವ ರೂಢಿ ಬಿಡಿ. ಫಲಿತಾಂಶ ತುಂಬಬೇಕಾದ ಖಾಲಿ ಟೇಬಲ್‌ಗಳನ್ನು ಮೊದಲೇ ಬರೆದು ತೋರಿಸಿ. ಯಾವ ಟೇಬಲ್‌ಗೂ ಹೋಗದ ಪ್ರಶ್ನೆ ನಿಮ್ಮ ಟೂಲ್‌ನಲ್ಲಿ (ಮಾಹಿತಿ ಸಂಗ್ರಹಿಸುವ ಪ್ರಶ್ನಾವಳಿಯಲ್ಲಿ) ಇದ್ದರೆ ಅದನ್ನು ಅಂದೇ ತೆಗೆದುಹಾಕಿ.