ವಾರ್ಡಿನ ನೋಟ್‌ಬುಕ್ಕಿನಿಂದ ಕಲಿತ ಪೋಲಿಷ್

ನಾನು ಕ್ಯಾಥೊಲಿಕ್ ಸನ್ಯಾಸಿನಿ, ಓದಿದ್ದು ನರ್ಸಿಂಗ್. ದಾವಣಗೆರೆಯ ಅಂಚಿನಲ್ಲಿ ನಮ್ಮ ಸಭೆ, ಅಂದರೆ ನಮ್ಮ ಸನ್ಯಾಸಿನಿಯರ ಸಂಘ, ನಡೆಸುವ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ. ಮುಂದಿನ ನಿಯೋಜನೆ ಪೋಲೆಂಡಿಗೆ. ಕ್ರಾಕೂವ್ ನಗರದ ಹತ್ತಿರದ ಇನ್ನೊಂದು ವೃದ್ಧಾಶ್ರಮಕ್ಕೆ. ಅದಕ್ಕಾಗಿ ಪೋಲಿಷ್ ಕಲಿಯುತ್ತಿದ್ದೇನೆ. ಜರ್ಮನಿಗೋ ಜಪಾನಿಗೋ ಹೋಗಲೆಂದು ಭಾಷೆಯ ತರಗತಿಗೆ ಸೇರಿರುವ ನರ್ಸಿಂಗ್ ಹುಡುಗಿಯರು ಈಗ ನಮ್ಮ ಊರಿನಲ್ಲೂ ಸಿಗುತ್ತಾರೆ. ಅವರಲ್ಲಿ ಒಬ್ಬಿಬ್ಬರಿಗಾದರೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ‘ಮಿಷನರಿಯಾಗಿ ಹೋಗುತ್ತಿದ್ದೇನೆ’ ಎಂದರೆ ಆಟೋದವರಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರೂ ಕೇಳುವುದು ಒಂದೇ: ಅಲ್ಲಿ ಯಾರನ್ನು ಮತಕ್ಕೆ ಸೇರಿಸುತ್ತೀರಿ ಸಿಸ್ಟರ್? ಪೋಲೆಂಡಿನ ಬಹುಪಾಲು ಜನ ಹುಟ್ಟಾ ಕ್ಯಾಥೊಲಿಕರು. ಪೋಪ್ ಎರಡನೇ ಜಾನ್ ಪಾಲ್ ಹುಟ್ಟಿದ ವಾದೊವಿತ್ಸೆ ಕ್ರಾಕೂವ್‌ನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಅವರಿಗೆ ನಾನು ಹೋಗಿ ಏಸುವಿನ ಪರಿಚಯ ಮಾಡಿಕೊಡುವುದು ಹರಿಹರದವರಿಗೆ ತುಂಗಭದ್ರೆ ತೋರಿಸಿದಂತೆ. ಅಲ್ಲಿ ಕೊರತೆಯಿರುವುದು ಕೈಗಳಿಗೆ. 2004ರಲ್ಲಿ ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿದ ಮೇಲೆ ದುಡಿಯುವ ವಯಸ್ಸಿನವರು ಬ್ರಿಟನ್, ಜರ್ಮನಿ ಎಂದು ಹೊರಟರು. ಹುಟ್ಟುವ ಮಕ್ಕಳೂ ಕಡಿಮೆಯಾದರು, ಸನ್ಯಾಸಿನಿಯಾಗಲು ಕಾನ್ವೆಂಟ್ ಸೇರುವ ಹುಡುಗಿಯರೂ ಕಡಿಮೆಯಾದರು. ವೃದ್ಧರನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರುಗಳಿಗೇ ಈಗ ವಯಸ್ಸಾಗಿದೆ. ಹಿಂದೆ ಅಲ್ಲಿಂದ ಇಲ್ಲಿಗೆ ಬರುತ್ತಿದ್ದರು, ಈಗ ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದೇವೆ, ಅಷ್ಟೇ.

ಕೆಲಸ ಅದೇ, ಭಾಷೆ ಬೇರೆ. ಹಾಗಿದ್ದರೆ ಭಾಷೆಯನ್ನು ಎಲ್ಲಿಂದ ಹಿಡಿಯಬೇಕು? ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕವೊಂದನ್ನು ಸಭೆಯವರು ಕೊಟ್ಟಿದ್ದರು. ಅದರ ಮೊದಲ ಪಾಠ ವಿಮಾನ ನಿಲ್ದಾಣ, ಎರಡನೆಯದು ಹೋಟೆಲ್ ಕೋಣೆ, ಮೂರನೆಯದು ಬಿಡುವಿನ ವೇಳೆಯ ಹವ್ಯಾಸಗಳು. ನನಗೆ ಟೆನಿಸ್ ಆಡುವುದು ಇಷ್ಟ ಎಂದು ಹೇಳಲು ಕಲಿತು ರಾತ್ರಿ ಪಾಳಿಯಲ್ಲಿ ಯಾರಿಗೆ ಹೇಳಲಿ? ಪುಸ್ತಕವನ್ನು ಪಕ್ಕಕ್ಕಿಟ್ಟು ನಮ್ಮದೇ ವಾರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಸಂಜೆಯಿಂದ ಬೆಳಗಿನವರೆಗೆ ನಮ್ಮ ಅಜ್ಜ ಅಜ್ಜಿಯರು ನನಗೆ ಏನೇನು ಹೇಳುತ್ತಾರೋ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡೆ. ಬೆನ್ನಿಗೊಂದು ದಿಂಬು ಕೊಡಿ. ಕನ್ನಡಕ ಎಲ್ಲಿಟ್ಟಿರಿ? ಕಿಟಕಿ ಹಾಕಬೇಡಿ. ಮಗ ಫೋನ್ ಮಾಡಿದ್ದನೇ? ಈ ಮಾತ್ರೆ ನಿನ್ನೆ ಬಿಳಿ ಇತ್ತು, ಇವತ್ತು ಹಳದಿ ಏಕೆ? ಜಗಳೂರು ಕಡೆಯ ಒಬ್ಬ ಅಜ್ಜಿಗೆ ನಡುರಾತ್ರಿ ಮಜ್ಜಿಗೆ ಬೇಕು, ಅದೂ ಸೇರಿತು.

ಈ ಪಟ್ಟಿಯನ್ನು ನನ್ನ ಶಿಕ್ಷಕಿಗೆ ಕಳುಹಿಸಿದೆ. ಅವರು ಅಲ್ಲಿಯ ಹಿರಿಯ ಸಿಸ್ಟರ್, ವಿಡಿಯೊ ಕರೆಯಲ್ಲಿ ಪಾಠ ಮಾಡುತ್ತಾರೆ. ಮೊದಲು ಜಪಸರದ ಪ್ರಾರ್ಥನೆ ಕಲಿಸಬೇಕೆಂದು ಅವರ ಆಸೆಯಿತ್ತು, ಮೊದಲು ದಿಂಬು ಎಂಬುದು ನನ್ನ ಹಟ. ಪಟ್ಟಿ ಓದಿ ನಕ್ಕರು. ಇದರಲ್ಲಿ ಮಗನ ಫೋನಿನ ಸಾಲು ನಮ್ಮಲ್ಲಿ ಇನ್ನೂ ಹೆಚ್ಚು ಸಲ ಕೇಳಬೇಕಾಗುತ್ತದೆ ಎಂದರು. ಮಜ್ಜಿಗೆ ಅಲ್ಲೂ ಇದೆಯಂತೆ, ಹೆಸರು ಮಾಶ್ಲಾಂಕಾ; ಬೇಸಿಗೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಜೊತೆ ಹಳ್ಳಿಯ ಹಿರಿಯರು ಅದನ್ನೇ ಕುಡಿಯುವುದು. ನನ್ನ ಅರ್ಧ ಭಯ ಆ ಸಂಜೆಯೇ ಇಳಿಯಿತು.

ಗಮನಿಸಿ, ಆ ನೋಟ್‌ಬುಕ್ಕಿನಲ್ಲಿ ಇದ್ದದ್ದು ನಾನು ಆಡುವ ಮಾತಲ್ಲ, ನನಗೆ ಆಡುವ ಮಾತು. ಸಾಮಾನ್ಯವಾಗಿ ಭಾಷೆ ಕಲಿಯುವವರು ತಮ್ಮ ಪರಿಚಯ ಹೇಳಿಕೊಳ್ಳುವುದನ್ನೇ ತಿಂಗಳುಗಟ್ಟಲೆ ಉರು ಹೊಡೆಯುತ್ತಾರೆ. ಶುಶ್ರೂಷೆಯ ಕೆಲಸದಲ್ಲಿ ನಾನು ಕಡಿಮೆ ಮಾತನಾಡಿದರೆ ಯಾರಿಗೂ ನಷ್ಟವಿಲ್ಲ. ಅವರು ಹೇಳಿದ್ದು ನನಗೆ ತಿಳಿಯದಿದ್ದರೆ ಒಂದು ಜೀವಕ್ಕೆ ಅಪಾಯ. ‘ದುಷ್ನೊ ಮಿ’ ಎಂದರೆ ಉಸಿರು ಕಟ್ಟುತ್ತಿದೆ. ‘ಸ್ವಾಬೊ ಮಿ’ ಎಂದರೆ ತಲೆ ಸುತ್ತಿ ಬೀಳುವ ಹಾಗಿದೆ. ‘ಝಿಮ್ನೊ ಮಿ’ ಎಂದರೆ ಚಳಿ. ಮೂರರಲ್ಲಿ ಮೊದಲೆರಡಕ್ಕೆ ಓಡಬೇಕು, ಮೂರನೆಯದಕ್ಕೆ ಕಂಬಳಿ ತಂದರೆ ಸಾಕು.

ಇಲ್ಲಿ ನಮಗೊಂದು ಅನುಕೂಲವಿದೆ. ಆ ‘ಮಿ’ ಎಂಬುದು ನಮ್ಮ ‘ನನಗೆ’, ಅಪ್ಪಟ ಚತುರ್ಥೀ ವಿಭಕ್ತಿ. ನನಗೆ ಚಳಿ, ನನಗೆ ಸುಸ್ತು, ನನಗೆ ವಾಕರಿಕೆ ಎಂದು ನಾವು ಹೇಳುವ ಕಟ್ಟಿನಲ್ಲೇ ಪೋಲಿಷರೂ ಹೇಳುತ್ತಾರೆ. ಇಂಗ್ಲಿಷಿನ ದಾರಿ ಹಿಡಿದು ಹೋದವರು ಇದನ್ನು ವಿಚಿತ್ರವೆಂದು ಬಾಯಿಪಾಠ ಮಾಡಬೇಕು. ಪೋಲಿಷಿನಲ್ಲಿ ಏಳು ವಿಭಕ್ತಿಗಳಿವೆ, ಸಂಬೋಧನೆಯೂ ಸೇರಿ. ಇಂಗ್ಲಿಷ್ ಪುಸ್ತಕ ಅದನ್ನು ದೊಡ್ಡ ಗಂಡಾಂತರದಂತೆ ವರ್ಣಿಸುತ್ತದೆ. ಹೈಸ್ಕೂಲಿನಲ್ಲಿ ಉ, ಅನ್ನು, ಇಂದ, ಗೆ ಎಂದು ರಾಗವಾಗಿ ಹೇಳಿದ ನಮಗೆ ಅದರಲ್ಲಿ ಹೆದರುವಂಥದ್ದು ಏನಿದೆ? ಪೆನ್ನಿನಿಂದ ಬರೆದೆ ಎನ್ನಲು ಪೆನ್ನಿಗೆ ತೃತೀಯೆ ಹಚ್ಚುತ್ತಾರೆ, ಊರಿನಲ್ಲಿ ಎನ್ನಲು ಊರಿಗೆ ಸಪ್ತಮಿ ಹಚ್ಚುತ್ತಾರೆ. ‘ಮಾಡುತ್ತೇನೆ’ ಎಂದಾಗ ‘ನಾನು’ ಬಿಟ್ಟರೂ ನಡೆಯುತ್ತದೆ, ಅಲ್ಲಿಯೂ ಹಾಗೆಯೇ. ಪಂಚಮಿ ಮಾತ್ರ ಅವರಲ್ಲಿ ಪ್ರತ್ಯೇಕವಾಗಿಲ್ಲ.

ಉಚ್ಚಾರದಲ್ಲೂ ಅಷ್ಟೇ. ಪೋಲಿಷಿನಲ್ಲಿ ಎರಡು ಬಗೆಯ ಶಕಾರಗಳಿವೆ. ಒಂದು ನಮ್ಮ ಶಕ್ಕೆ ಹತ್ತಿರ, ಇನ್ನೊಂದು ನಾಲಿಗೆ ಹಿಂದಕ್ಕೆ ಎಳೆದು ಹೇಳುವ ಷಕ್ಕೆ ಹತ್ತಿರ. ಶಾಲೆಯಲ್ಲಿ ‘ಶಂಕರನ ಶ, ಷಣ್ಮುಖನ ಷ’ ಎಂದು ತಿದ್ದುತ್ತಿದ್ದ ಮೇಷ್ಟ್ರನ್ನು ನೆನೆಸಿಕೊಂಡೆ. ಪಾದ್ರಿಗಳನ್ನೂ ಸನ್ಯಾಸಿನಿಯರನ್ನೂ ಕಂಡಾಗ ಅಲ್ಲಿಯವರು ಹೇಳುವ ‘ಷ್ಚೆಂಶ್ಚ್ ಬೋಝೆ’ ಎಂಬ ವಂದನೆಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಹಾಗೆಂದು ಎಲ್ಲವೂ ಸಲೀಸಲ್ಲ. ಕ್ರಿಯಾಪದಗಳೆಲ್ಲ ಜೋಡಿ ಜೋಡಿಯಾಗಿವೆ, ಮಾಡುತ್ತಿದ್ದುದಕ್ಕೆ ಒಂದು, ಮಾಡಿ ಮುಗಿಸಿದ್ದಕ್ಕೆ ಇನ್ನೊಂದು. ಔಷಧಿ ಕುಡಿಯುತ್ತಿದ್ದರೋ, ಕುಡಿದು ಮುಗಿಸಿದರೋ ಎಂಬುದು ಪಾಳಿ ಬದಲಾಯಿಸುವಾಗ ಮುಖ್ಯವಾದ ಸಂಗತಿ, ಆದ್ದರಿಂದ ಆ ಜೋಡಿಗಳನ್ನು ಬೆವರು ಸುರಿಸಿ ಕಲಿಯುತ್ತಿದ್ದೇನೆ.

ಇನ್ನೊಂದು ತೊಡಕು ಪುಸ್ತಕದಲ್ಲಿ ಇರುವುದೇ ಇಲ್ಲ. ಪುಸ್ತಕದ ಜೊತೆ ಬರುವ ಧ್ವನಿಮುದ್ರಿಕೆಯಲ್ಲಿ ಮಾತನಾಡುವವರಿಗೆ ಬಾಯಿತುಂಬ ಹಲ್ಲು. ನಾನು ನೋಡಿಕೊಳ್ಳುವವರಿಗೆ ಎಲ್ಲಿದೆ ಹಲ್ಲು? ನಮ್ಮ ಜಗಳೂರಿನ ಅಜ್ಜಿ ಹಲ್ಲಿನ ಸೆಟ್ ತೆಗೆದಿಟ್ಟ ಮೇಲೆ ಆಡುವ ಕನ್ನಡ ಅವರ ಮೊಮ್ಮಗಳಿಗೇ ತಿಳಿಯುವುದಿಲ್ಲ. ಹತ್ತಿಗಿರಣಿಯ ಮಗ್ಗಗಳ ಸದ್ದಿನಲ್ಲಿ ಆಯುಷ್ಯ ಕಳೆದು ಕಿವಿ ಕಳೆದುಕೊಂಡ ಒಬ್ಬ ಅಜ್ಜ ಇದ್ದಾರೆ. ಅವರು ಪಿಸುಗುಟ್ಟುವುದೇ ಇಲ್ಲ, ಎಲ್ಲವೂ ಕೂಗು. ಹಾಗಾಗಿ ಶಿಕ್ಷಕಿಯಲ್ಲಿ ಒಂದು ವಿಚಿತ್ರ ಬೇಡಿಕೆ ಇಟ್ಟೆ. ಅವರ ಕಾನ್ವೆಂಟಿನಲ್ಲಿರುವ ತುಂಬ ವಯಸ್ಸಾದ ಸಿಸ್ಟರೊಬ್ಬರು ನನ್ನ ವಾಕ್ಯಗಳನ್ನು ಹಲ್ಲಿನ ಸೆಟ್ ತೆಗೆದು ಓದಿ ಧ್ವನಿಮುದ್ರಿಸಿ ಕಳುಹಿಸಬಹುದೇ? ಅವರು ಒಪ್ಪಿದ್ದಷ್ಟೇ ಅಲ್ಲ, ಖುಷಿಯಿಂದ ಮಧ್ಯೆ ಮಧ್ಯೆ ಕೆಮ್ಮಿಯೂ ತೋರಿಸಿದರು. ಆ ಮುದ್ರಣದಲ್ಲಿ ಶ, ಷ ಎರಡೂ ಮಾಯ, ಬರೀ ಗಾಳಿ. ಬೆಳಗ್ಗೆ ಬೆಡ್‌ಶೀಟ್ ಮಡಚುವಾಗ ನಾನು ಕೇಳುವುದು ಅದನ್ನೇ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಕರೆಯುವ ರೀತಿ. ಇಲ್ಲಿ ಎಂಬತ್ತು ದಾಟಿದ ಹೆಂಗಸನ್ನು ಅಜ್ಜಿ ಎನ್ನದೆ ಹೆಸರು ಹಿಡಿದು ಕರೆದರೆ ಅದು ಸೊಕ್ಕು. ಅಲ್ಲಿ ಸಂಬಂಧವಿಲ್ಲದ ಹೆಂಗಸನ್ನು ‘ಅಜ್ಜಿ’ ಎಂದರೆ ಅವಮಾನವೆಂದು ತೆಗೆದುಕೊಳ್ಳುವವರೇ ಹೆಚ್ಚು. ‘ನಾನು ನಿನ್ನ ಅಜ್ಜಿಯಲ್ಲ, ಮೂವತ್ತು ವರ್ಷ ಗಣಿತ ಕಲಿಸಿದವಳು’ ಎಂದು ಮುಖಕ್ಕೆ ಹೊಡೆದಂತೆ ಹೇಳುವವರಿದ್ದಾರೆ ಎಂದು ಶಿಕ್ಷಕಿ ಎಚ್ಚರಿಸಿದರು. ಹೆಸರಿನ ಮುಂದೆ ‘ಪಾನಿ’ ಸೇರಿಸಬೇಕು, ಗಂಡಸಾದರೆ ‘ಪಾನ್’; ಕ್ರಿಯಾಪದ ಪ್ರಥಮ ಪುರುಷದಲ್ಲಿರಬೇಕು. ‘ಪಾನಿ ಚಹಾ ಕುಡಿಯುತ್ತಾರೆಯೇ?’ ಎಂದು ಎದುರಿಗಿದ್ದವರನ್ನೇ ಕೇಳುವ ಧಾಟಿ. ಇದು ನನಗೆ ಹೊಸದೆನಿಸಲಿಲ್ಲ. ನಮ್ಮ ಜಿಲ್ಲೆಯಲ್ಲೂ ಚಿತ್ರದುರ್ಗದ ಕಡೆಯೂ ಮಠಗಳಲ್ಲಿ ಭಕ್ತರು ಸ್ವಾಮೀಜಿಯವರ ಎದುರೇ ನಿಂತು ‘ಬುದ್ಧಿಯವರು ಯಾವಾಗ ದಯಮಾಡಿಸಿದರು?’ ಎಂದು ಕೇಳುವುದನ್ನು ನೋಡಿ ಬೆಳೆದವಳು ನಾನು. ನನ್ನನ್ನೂ ಪೋಲೆಂಡಿನವರು ಹಾಗೆಯೇ ‘ಸಿಸ್ಟರ್ ಬರುತ್ತಾರೆಯೇ?’ ಎಂದು ಕೇಳುತ್ತಾರಂತೆ. ವ್ಯಾಕರಣ ಸುಲಭ, ಅಭ್ಯಾಸ ಬಿಡುವುದು ಕಷ್ಟ. ಪಕ್ಕೆ ಹೊರಳಿಸುವಾಗ, ಸ್ನಾನ ಮಾಡಿಸುವಾಗ ನಮ್ಮ ಬಾಯಿಂದ ತಾನಾಗಿ ಬರುವುದು ‘ಅಜ್ಜಿ, ಸ್ವಲ್ಪ ಈ ಕಡೆ’ ಎಂಬ ಸಲುಗೆ. ಆ ಸಲುಗೆಯಿಲ್ಲದೆ ಮೈಮುಟ್ಟುವ ಕೆಲಸ ಹೇಗೆ ಮಾಡಬೇಕು ಎಂಬುದು ನನಗೆ ಇನ್ನೂ ಸರಿಯಾಗಿ ಬಗೆಹರಿದಿಲ್ಲ. ದನಿಯಲ್ಲಿ ತರಬೇಕು, ಪದದಲ್ಲಿ ಅಲ್ಲ ಎನ್ನುತ್ತಾರೆ ಶಿಕ್ಷಕಿ.

ಅಂಕಿಗಳ ವಿಷಯಕ್ಕೆ ಬಂದರೆ, ನರ್ಸುಗಳು ಇದನ್ನು ವಿಶೇಷವಾಗಿ ಓದಬೇಕು. ಪೋಲೆಂಡಿನಲ್ಲಿ ದಶಮಾಂಶಕ್ಕೆ ಚುಕ್ಕಿಯಿಲ್ಲ, ಅಲ್ಪವಿರಾಮ. ಒಂದೂವರೆ ಮಿಲಿಗ್ರಾಂ ಎಂಬುದನ್ನು 1,5 ಎಂದು ಬರೆಯುತ್ತಾರೆ. ಅವಸರದ ಕೈಬರಹದಲ್ಲಿ ಆ ಅಲ್ಪವಿರಾಮ ಕಾಣದೆ ಹೋದರೆ ಹದಿನೈದು. ಕೈಬರಹದ 1ಕ್ಕೆ ಮುಂದೊಂದು ಉದ್ದ ಗೆರೆ ಎಳೆಯುತ್ತಾರೆ, ನಮ್ಮ ಕಣ್ಣಿಗೆ ಅದು 7. ಅವರ 7ಕ್ಕೆ ಹೊಟ್ಟೆಯ ಮೇಲೆ ಅಡ್ಡಗೆರೆ. ನಾವು ಜ್ವರವನ್ನು 100, 101 ಎಂದು ಫ್ಯಾರನ್‌ಹೀಟಿನಲ್ಲಿ ಹೇಳುತ್ತೇವೆ, ಅಲ್ಲಿ ಸೆಲ್ಸಿಯಸ್. 36,6 ಆರೋಗ್ಯ, 38 ದಾಟಿದರೆ ಜ್ವರ. ಗಂಟೆಯೂ ಬೇರೆ. ಏಳೂವರೆಗೆ ಮಾತಿನಲ್ಲಿ ‘ಎಂಟಕ್ಕೆ ಅರ್ಧ’ ಎನ್ನುತ್ತಾರೆ. ‘ಎಂಟು’ ಎಂಬುದಷ್ಟೇ ಕಿವಿಗೆ ಬಿದ್ದವರು ಇನ್ಸುಲಿನ್ ಕೊಡಲು ತಡಮಾಡುತ್ತಾರೆ. ಇನ್ನು ಎರಡು, ಮೂರು, ನಾಲ್ಕು ಮಾತ್ರೆಗಳಿಗೆ ‘ಮಾತ್ರೆ’ಯ ಒಂದು ರೂಪ, ಐದರಿಂದ ಮುಂದೆ ಇನ್ನೊಂದು ರೂಪ. ಅಷ್ಟಾದರೂ ಅದು ಕೇಳಿಸಿಕೊಳ್ಳುವವರಿಗೆ ಸಹಾಯವೇ, ಅಂಕಿ ತಪ್ಪಿ ಕೇಳಿಸಿದರೂ ನಾಮಪದದ ಬಾಲ ನೋಡಿ ಅನುಮಾನ ಪಡಬಹುದು. ಆಂಬುಲೆನ್ಸ್‌ಗೆ ಇಲ್ಲಿ 108, ಅಲ್ಲಿ 999. 112 ಮಾತ್ರ ಎರಡೂ ಕಡೆ ನಡೆಯುತ್ತದೆ. ಇದರಲ್ಲಿ ಎಷ್ಟೋ ಭಾಷಾ ಪರೀಕ್ಷೆಗೆ ಬರುವುದಿಲ್ಲ. ನಾನು ಮಾತ್ರ ಇಲ್ಲಿಯ ಚಾರ್ಟುಗಳ ಪಕ್ಕದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಅಲ್ಲಿಯ ಪದ್ಧತಿಯಲ್ಲಿ ಇನ್ನೊಂದು ಸಲ ಬರೆದುಕೊಳ್ಳುತ್ತೇನೆ, ದಿನವೂ.

ಕಾಗದಪತ್ರದ ಓಡಾಟವನ್ನು ಹೆಚ್ಚು ಹೇಳುವುದಿಲ್ಲ. ಪಾಸ್‌ಪೋರ್ಟ್, ಪೊಲೀಸ್ ಪ್ರಮಾಣಪತ್ರ, ಅಂಕಪಟ್ಟಿಗಳು ಅಸಲಿ ಎಂದು ಹೊರದೇಶಕ್ಕೆ ದೃಢೀಕರಿಸುವ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ, ದೀರ್ಘಾವಧಿಯ ವೀಸಾ. ಅಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ನಮ್ಮ ಪದವಿಗೆ ಮಾನ್ಯತೆ ಸಿಗಬೇಕು, ಭಾಷೆಯೂ ಬರಬೇಕು. ಅಲ್ಲಿಯವರೆಗೆ ಸಹಾಯಕಿಯಾಗಿರುತ್ತೇನೆ. ಒಂದು ವಾರ್ಡನ್ನೇ ನಡೆಸುತ್ತಿರುವವಳಿಗೆ ಇದು ಸ್ವಲ್ಪ ಚುಚ್ಚುತ್ತದೆ, ಸನ್ಯಾಸಿನಿಯಾದರೂ.

ಪೋಲಿಷರಿಗೂ ನಮ್ಮ ಸೀಮೆಗೂ ಹಳೆಯ ನಂಟೊಂದಿದೆ ಎಂಬುದು ನನಗೆ ತಿಳಿದದ್ದು ಈ ಪಾಠಗಳಲ್ಲೇ. ‘ದಾವಣಗೆರೆ ಎಲ್ಲಿ ಬರುತ್ತದೆ?’ ಎಂದು ಶಿಕ್ಷಕಿ ಕೇಳಿದಾಗ ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ ಎಂದು ಹೇಳಿ ನಕ್ಷೆ ತೋರಿಸಿದೆ. ಅವರ ಬೆರಳು ಅದೇ ರಸ್ತೆಯಲ್ಲಿ ಮೇಲಕ್ಕೆ ಹೋಗಿ ಕೊಲ್ಹಾಪುರದ ಹತ್ತಿರ ನಿಂತಿತು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟಕ್ಕೆ ಗಡಿಪಾರಾಗಿ ಅಲ್ಲಿಂದ ಹೊರಬಂದ ಪೋಲಿಷ್ ಹೆಂಗಸರು, ಮಕ್ಕಳು, ಮುದುಕರು ಸುಮಾರು 5,000 ಜನ 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆ ಶಿಬಿರದಲ್ಲಿದ್ದರು. ಅವರಿಗಾಗಿ ಅಲ್ಲಿ ಶಾಲೆಗಳಿದ್ದವು, ಚರ್ಚ್ ಇತ್ತು. ಜಾಮ್‌ನಗರದ ಮಹಾರಾಜರು ಬಾಲಾಚಡಿಯಲ್ಲಿ ಪೋಲಿಷ್ ಮಕ್ಕಳನ್ನು ಸಾಕಿದ್ದರು. ವಾರ್ಸಾದಲ್ಲಿ ‘ಒಳ್ಳೆಯ ಮಹಾರಾಜರ ಚೌಕ’ ಎಂದೇ ಒಂದು ಜಾಗವಿದೆ. 2024ರ ಆಗಸ್ಟ್‌ನಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋದಾಗ ಜಾಮ್‌ನಗರದ ಮಹಾರಾಜರ ಸ್ಮಾರಕಕ್ಕೂ ಕೊಲ್ಹಾಪುರದ ಸ್ಮಾರಕಕ್ಕೂ ಗೌರವ ಸಲ್ಲಿಸಿದ್ದರು. ವಳಿವಡೆಯಲ್ಲಿ ಮಕ್ಕಳಾಗಿದ್ದವರು ಈಗ ಬದುಕಿದ್ದರೆ ಎಂಬತ್ತು, ತೊಂಬತ್ತರ ಆಸುಪಾಸಿನವರು, ಅಂದರೆ ನಾನು ನೋಡಿಕೊಳ್ಳುವ ವಯಸ್ಸಿನವರು. ಹಾಗೊಬ್ಬರು ಸಿಕ್ಕರೆ ಏನು ಕೇಳಬೇಕು ಎಂದು ನಾಲ್ಕು ಪ್ರಶ್ನೆಗಳನ್ನು ಪೋಲಿಷಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ನೋಟ್‌ಬುಕ್ಕಿನಲ್ಲಿ ನಾನಾಗಿ ಆಡಬೇಕಾದ ಮಾತು ಎಂದು ಇರುವುದು ಸದ್ಯಕ್ಕೆ ಅದೊಂದೇ ಪುಟ.

ನನ್ನ ನಂತರ ಹೋಗಬೇಕಾದ ಸಿಸ್ಟರ್ ಹೊಳಲ್ಕೆರೆ ಕಡೆಯವರು, ಈಗಷ್ಟೇ ನಮ್ಮ ವಾರ್ಡಿಗೆ ಬಂದಿದ್ದಾರೆ. ನನ್ನ ನೋಟ್‌ಬುಕ್ ಕೊಡಿ ಎಂದು ಕೇಳಿದರು. ಕೊಡಲಿಲ್ಲ, ಖಾಲಿಯದೊಂದನ್ನು ಕೊಟ್ಟು ರಾತ್ರಿ ಪಾಳಿಗೆ ಹಾಕಿದ್ದೇನೆ. ಅಜ್ಜಿಯರು ಅವರಿಗೆ ಹೇಳುವುದು ಬೇರೆಯೇ ಇರಬಹುದು. ಪಾಠ ಈಗ ರಾತ್ರಿ ಏಳೂವರೆಗೆ, ಅಲ್ಲಿ ಸಂಜೆ ನಾಲ್ಕು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದರೆ ನಮಗೆ ಎಂಟೂವರೆ ಆಗುತ್ತದೆ, ಅದು ಮಾತ್ರೆ ಕೊಡುವ ಹೊತ್ತು. ಪಾಳಿಯ ಪಟ್ಟಿಯನ್ನು ಆ ವಾರಕ್ಕೆ ಮುಂಚೆಯೇ ಬದಲಾಯಿಸಬೇಕು.