ತಾಟಿನಾಗಿನ ಅವುಗಳ ಪಾಲು

ಜೋಳದ ರೊಟ್ಟಿ, ಮಡಿಕಿಕಾಳಿನ ಪಲ್ಯ, ಅಗಸಿ ಚಟ್ನಿ, ಹಸಿ ಉಳ್ಳಾಗಡ್ಡಿ, ಹಕ್ಕರಿಕಿ ತಪ್ಪಲ, ಗಟ್ಟಿ ಮೊಸರು. ಹುಬ್ಬಳ್ಳಿ-ಧಾರವಾಡದ ಯಾವ ಖಾನಾವಳಿಯಲ್ಲಿ ಕೂತರೂ ತಾಟಿಗೆ ಬರುವುದು ಹೆಚ್ಚುಕಡಿಮೆ ಇದೇ. ಇದರಲ್ಲಿನ ಪಿಷ್ಟ, ಪ್ರೋಟೀನು, ಎಣ್ಣೆ ಬಹುಪಾಲು ಸಣ್ಣ ಕರುಳಿನಲ್ಲೇ ನಮಗೆ ದಕ್ಕುತ್ತವೆ. ಜೋಳ-ಕಾಳಿನ ನಾರು, ಉಳ್ಳಾಗಡ್ಡಿಯ ಫ್ರಕ್ಟಾನು ಎಂಬ ನಾರು, ಆರಿದ ರೊಟ್ಟಿಯಲ್ಲಿ ಬಿಗಿದುಕೊಂಡ ಪಿಷ್ಟ, ಇವು ಮಾತ್ರ ನಮ್ಮ ಕಿಣ್ವಗಳಿಗೆ ಬಗ್ಗುವುದಿಲ್ಲ. ನೇರ ದೊಡ್ಡ ಕರುಳಿಗೆ ಇಳಿಯುತ್ತವೆ. ಅದೇ ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲು. ದೇಹದ ಕಾವಲು ಪಡೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ರೋಗಗಳಿಗೂ ಈ ಪಾಲಿಗೂ ಏನು ನಂಟು ಎಂಬುದೇ ಇಲ್ಲಿನ ಮಾತು. ಅಲ್ಲಿ ಪಂಕ್ತಿ ಬಲು ದೊಡ್ಡದು: ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರ ಲೆಕ್ಕ, ಹೆಚ್ಚಿನವು ಇಲ್ಲೇ. ಎಲ್ಲ ಕೂಡಿದರೂ ತೂಕ ಕಾಲು ಕೆ.ಜಿ. ಮೀರದು.

ಅವು ನಾರನ್ನು ಹುಳಿಯಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ಬಿಡುತ್ತವೆ. ಬ್ಯುಟಿರೇಟೇ ಕರುಳಿನ ಒಳಪದರದ ಕೋಶಗಳ ಮುಖ್ಯ ಉರುವಲು. ಉಳಿದದ್ದು ಪದರ ದಾಟಿ, ಕಾವಲು ಪಡೆಯ ಟಿ ಕೋಶಗಳನ್ನು ಮುಟ್ಟಿ, ಜೀನುಗಳನ್ನು ಬಿಗಿದಿಡುವ ಎಚ್‌ಡಿಎಸಿ ಕಿಣ್ವಗಳ ಕೈ ಕಟ್ಟುತ್ತದೆ. ಆಗ ಫಾಕ್ಸ್‌ಪಿ3 ಎಂಬ ಜೀನು ತೆರೆದುಕೊಂಡು ಆ ಕೋಶ ಟಿ-ರೆಗ್ ಆಗುತ್ತದೆ. ಸಿಟ್ಟಿಗೆದ್ದ ಕೋಶಗಳಿಗೆ 'ಸಾಕು, ಬಿಡೋ' ಅನ್ನುವ ಮನೆಯ ಹಿರಿಯ ಇದು. 2013ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಎದುರು ಪಕ್ಷವೂ ಇದೆ. ಇಲಿಯ ಕರುಳಿಗೆ ಅಂಟಿ ಬೆಳೆಯುವ ದಾರದಂಥ ಒಂದು ಬ್ಯಾಕ್ಟೀರಿಯಾ, ಉರಿ ಎಬ್ಬಿಸುವ ಟಿಎಚ್17 ಕೋಶಗಳನ್ನು ಹೆಚ್ಚಿಸುತ್ತದೆಂದು 2009ರಲ್ಲೇ ಗೊತ್ತಾಗಿತ್ತು. ಸೋಂಕು ತಡೆಯಲು ಅವೂ ಬೇಕು. ತಕ್ಕಡಿ ಒಂದೇ ಕಡೆ ವಾಲಿದಾಗ ತೊಂದರೆ.

ನಾರು ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಉಪವಾಸ ಕೂಡುವುದಿಲ್ಲ, ಗೋಡೆಗೆ ಬಳಿದ ಲೋಳೆಯನ್ನೇ ತಿನ್ನತೊಡಗುತ್ತವೆ. ಆ ಲೋಳೆಯ ಒಳಪದರ ಸಾಧಾರಣವಾಗಿ ಬ್ಯಾಕ್ಟೀರಿಯಾ ಇಲ್ಲದ ಜಾಗ. ಅದು ತೆಳುವಾದರೆ ಅವು ಗೋಡೆಗೆ ತಾಗುತ್ತವೆ, ಕಾವಲುಗಾರರು ಏಳುತ್ತಾರೆ. ಕಾವಲು ಪಡೆ ತನ್ನದೇ ಅಂಗಗಳ ಮೇಲೆ ಬೀಳುವ ಲೂಪಸ್ ರೋಗ ಬರುವ ತಳಿಯ ಇಲಿಗಳಲ್ಲಿ ಎಂಟೆರೊಕಾಕಸ್ ಗ್ಯಾಲಿನೇರಮ್ ಎಂಬ ಬ್ಯಾಕ್ಟೀರಿಯಾ ಕರುಳು ದಾಟಿ ಯಕೃತ್ತಿನವರೆಗೆ ಹೋಗಿದ್ದನ್ನು 2018ರಲ್ಲಿ ಕಂಡರು.

ಇಲ್ಲಿ ಒಂದು ಎಚ್ಚರ. ಕಾವಲು ಪಡೆ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ ಹೊಸದಾಗಿ ಬಂದು, ಚಿಕಿತ್ಸೆ ಶುರುವಾಗದವರಲ್ಲಿ ಪ್ರೆವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾ ಹೆಚ್ಚಿದೆ ಎಂದು 2013ರಲ್ಲಿ ಅಮೆರಿಕದಿಂದ ವರದಿ ಬಂತು. ಆದರೆ ಕಾಳು-ಧಾನ್ಯ ಉಣ್ಣುವ ಆರೋಗ್ಯವಂತ ಭಾರತೀಯರ ಕರುಳಲ್ಲೂ ಪ್ರೆವೊಟೆಲ್ಲಾ ಧಾರಾಳ. ಹಾಗಾಗಿ ಸಾವಿರಾರು ರೂಪಾಯಿ ಕೊಟ್ಟು ಮಲ ಪರೀಕ್ಷೆ ಮಾಡಿಸಿ, ವರದಿಯಲ್ಲಿ ಆ ಹೆಸರು ಕಂಡು ಗಾಬರಿಯಾಗುವುದು ವ್ಯರ್ಥ ಖರ್ಚು.

ಎಷ್ಟು ತಿನ್ನಬೇಕು? ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 5 ಗ್ರಾಂ, 30 ಗ್ರಾಂ ಒಣ ಮಡಿಕಿಯಲ್ಲಿ 4ರಿಂದ 5. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ 3 ಸಹ ಇಲ್ಲ. ಅನ್ನ-ಸಾರಿನವರು ಒಮ್ಮೆಲೇ ಕಾಳಿಗೆ ಬಿದ್ದರೆ ಹೊಟ್ಟೆ ಡೊಳ್ಳಾಗುತ್ತದೆ, ಎರಡೇ ದಿನಕ್ಕೆ 'ನಮಗಿದು ಒಗ್ಗಲ್ಲ' ಎಂದು ಬಿಡುತ್ತಾರೆ. ವಾರಕ್ಕೆ ಎರಡು ಚಮಚ ಕಾಳು ಹೆಚ್ಚಿಸಿ, ಕಾಳನ್ನು 8 ತಾಸು ನೆನೆಸಿ ನೀರು ಚೆಲ್ಲಿ, ಜೊತೆಗೆ ನೀರು ಕುಡಿಯಿರಿ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಕರುಳು ಕಿರಿದಾದವರಿಗೆ ಮಾತ್ರ ಈ ಸಲಹೆ ಅಲ್ಲ. ಹಸಿ ತಪ್ಪಲ, ಇಡೀ ಕಾಳು ಅಲ್ಲೇ ಸಿಕ್ಕಿಕೊಳ್ಳಬಹುದು.

ಹುದುಗು ಬಂದ ಆಹಾರದ ವಿಷಯಕ್ಕೆ ಬಂದರೆ, ಸ್ಟ್ಯಾನ್‌ಫರ್ಡ್‌ನ 2021ರ ಅಧ್ಯಯನದಲ್ಲಿ 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದರು. ಮೊಸರಿನಂಥವನ್ನು ದಿನಕ್ಕೆ ಆರು ಪಾಲಿನಷ್ಟು ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿ, ಉರಿಯೂತದ 19 ಪ್ರೋಟೀನುಗಳು ಇಳಿದವು. ಹೆಚ್ಚು ನಾರು ತಿಂದ ಗುಂಪಿನಲ್ಲಿ ವೈವಿಧ್ಯ ಆ ಅವಧಿಯಲ್ಲಿ ಹೆಚ್ಚಲಿಲ್ಲ. ಅವರೆಲ್ಲ ಆರೋಗ್ಯವಂತರು, ರೋಗಿಗಳಲ್ಲ ಎಂಬುದು ನೆನಪಿರಲಿ. ಇನ್ನು ನಮ್ಮ ಮನೆಯ ಪದಾರ್ಥಗಳೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ: ಇಡ್ಲಿಯ ಬ್ಯಾಕ್ಟೀರಿಯಾ ಹಬೆಯಲ್ಲಿ, ಕುದಿಸಿದ ಮಜ್ಜಿಗೆ ಸಾರಿನವು ಒಲೆಯ ಮೇಲೆ ಸಾಯುತ್ತವೆ. ಜೀವಂತ ಬೇಕಿದ್ದರೆ ಮೊಸರು, ಹಸಿ ಮಜ್ಜಿಗೆ. ಕುದಿಸಿದ ಹಾಲು 40-43 ಡಿಗ್ರಿಗೆ ಆರಿದ ಮೇಲೆ ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಸಾಕು. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಪಾತ್ರೆಗೆ ಬಟ್ಟೆ ಸುತ್ತಿಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಕಾಯಿಸದ ಎಮ್ಮೆ ಹಾಲು ಮುಟ್ಟಬಾರದು. ಬ್ರುಸೆಲ್ಲಾ, ಲಿಸ್ಟೀರಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಅದರಿಂದ ಬರಬಹುದು. ತಪ್ಪಲವನ್ನೂ ಬೇಯಿಸಿಯೇ ತಿನ್ನಲಿ.

ರೊಟ್ಟಿ-ಮೊಸರು ಹಿಡಿಸಿತೆಂದು ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ನಿಲ್ಲಿಸುವವರಿದ್ದಾರೆ. ಕೀಲು ಸವೆದ ಮೇಲೆ ಮೊದಲಿನಂತಾಗುವುದಿಲ್ಲ. ಇನ್ನು ಕೆಲವರು ಅದನ್ನು ದಿನವೂ ನುಂಗುತ್ತಾರೆ, ಅದು ಪ್ರಾಣಕ್ಕೇ ಕುತ್ತು. ಸಂಧಿವಾತಕ್ಕೆ ಆ ಮಾತ್ರೆ ವಾರಕ್ಕೆ ಒಂದೇ ದಿನ.

ಸಂಧಿವಾತಕ್ಕೂ ಕರುಳಿನ ಉರಿಯೂತಕ್ಕೂ ಕೊಡುವ ಸಲ್ಫಾಸಲಜೀನ್ ಮಾತ್ರೆಯಂತೂ ಬ್ಯಾಕ್ಟೀರಿಯಾ ಇಲ್ಲದೆ ಸರಿಯಾಗಿ ಕೆಲಸ ಮಾಡದು. ದೊಡ್ಡ ಕರುಳಿಗೆ ಬಂದ ಮೇಲೆ ಅವೇ ಅದರ ನಡುವಿನ ಕೊಂಡಿ ಕತ್ತರಿಸಿ ಸಲ್ಫಾಪಿರಿಡಿನ್, ಮೆಸಲಮೀನ್ ಎಂದು ಎರಡು ಮಾಡುತ್ತವೆ. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದ ಆಂಟಿಬಯೋಟಿಕ್ ಆ ಕತ್ತರಿಯನ್ನೇ ಮೊಂಡು ಮಾಡಬಹುದು. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ತಾಗುವುದೂ ಇಲ್ಲ. ಅಂದಹಾಗೆ, ಸಲ್ಫಾಸಲಜೀನ್ ನುಂಗಿದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯದೇ ಬಣ್ಣ.