ಸಂತ ಲಾರೆನ್ಸರ ಕೈಯಲ್ಲಿರುವುದು ಏಣಿಯಲ್ಲ

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚಿನ ಜಾತ್ರೆ ಹತ್ತಿರ ಬಂತೆಂದರೆ ಗೆಳೆಯರ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ: ‘ಸಂತ ಲಾರೆನ್ಸರ ಚಿತ್ರಗಳಲ್ಲಿ ಅವರ ಕೈಯಲ್ಲಿ ಏಣಿಯ ಹಾಗೆ ಒಂದು ಇರುತ್ತದಲ್ಲ, ಅದೇನು?’

ಅದು ಕಬ್ಬಿಣದ ಸರಳುಗಳ ಚೌಕಟ್ಟು. ಅವರನ್ನು ಅದರ ಮೇಲೆ ಮಲಗಿಸಿ, ಕೆಳಗೆ ಬೆಂಕಿ ಹಾಕಿ ಸುಟ್ಟು ಕೊಂದರಂತೆ. ಕೇಳಿದವರಿಗೆ ಇಷ್ಟು ಸಾಕಾಗುತ್ತದೆ, ನನಗೆ ಸಾಲದು. ಅವರ ಕಥೆಯಲ್ಲಿ ಎಲ್ಲಕ್ಕಿಂತ ಅನುಮಾನದ ಭಾಗವೇ ಅದು. ಕ್ರಿ.ಶ. 258ರಲ್ಲಿ ರೋಮಿನ ಚಕ್ರವರ್ತಿ ವಲೇರಿಯನ್ ಕ್ರೈಸ್ತ ಬಿಷಪರು, ಪಾದ್ರಿಗಳು, ಡೀಕನ್‌ಗಳನ್ನು (ಪಾದ್ರಿಗಳಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕರು) ತಡಮಾಡದೆ ಕೊಲ್ಲಬೇಕೆಂದು ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸ್ ಹತರಾದರು, 10ರಂದು ಲಾರೆನ್ಸ್. ಅಂಥ ಅವಸರದಲ್ಲಿ ಕೆಂಡ ಹೊತ್ತಿಸುತ್ತ ಕೂತಿರಲಾರರು, ಕತ್ತಿಯಿಂದಲೇ ಮುಗಿಸಿರಬೇಕು ಎನ್ನುವ ಇತಿಹಾಸಕಾರರಿದ್ದಾರೆ.

ನನಗೆ ಮುಖ್ಯವೆನಿಸುವುದು ಲಾರೆನ್ಸರು ಬದುಕಿದ್ದಾಗ ಮಾಡುತ್ತಿದ್ದ ಕೆಲಸ. ಅವರು ಡೀಕನ್. ಧರ್ಮಸಭೆಯ, ಅಂದರೆ ಚರ್ಚ್ ಸಂಸ್ಥೆಯ, ಹಣ ನೋಡಿಕೊಳ್ಳುವ, ಬಡವರಿಗೆ ಹಂಚುವ ಜವಾಬ್ದಾರಿ ಡೀಕನ್‌ಗಳದು. ಲಾರೆನ್ಸರ ಸಾವಿಗೆ ಕೆಲವೇ ವರ್ಷ ಮೊದಲು ಪೋಪ್ ಕೊರ್ನೇಲಿಯುಸ್ ಬರೆದ ಪತ್ರವೊಂದು ಉಳಿದಿದೆ: ರೋಮಿನಲ್ಲಿ 46 ಪಾದ್ರಿಗಳು, 7 ಡೀಕನ್‌ಗಳು, ಧರ್ಮಸಭೆ ಸಾಕುತ್ತಿದ್ದ ವಿಧವೆಯರು ಮತ್ತು ನಿರ್ಗತಿಕರು 1,500ಕ್ಕೂ ಹೆಚ್ಚು. ಅದೂ ಹಿಂಸೆಯ ಕಾಲದಲ್ಲಿ! ಯಾರಿಗೆ ಏನು ಸಲ್ಲಬೇಕೆಂದು ಯಾರೋ ಲೆಕ್ಕ ಇಡುತ್ತಿದ್ದರೆಂದೇ ಈ ಸಂಖ್ಯೆ ನಮಗೆ ಸಿಕ್ಕಿದೆ.

ಧರ್ಮಸಭೆಯ ಭಂಡಾರ ಒಪ್ಪಿಸು ಎಂದು ಅಧಿಕಾರಿ ಕೇಳಿದಾಗ ಲಾರೆನ್ಸ್ ಸ್ವಲ್ಪ ಸಮಯ ಕೇಳಿಕೊಂಡರು, ಇದ್ದುದನ್ನೆಲ್ಲ ಹಂಚಿದರು, ಬಡವರನ್ನು ಕರೆತಂದು ‘ನಮ್ಮ ಭಂಡಾರ ಇವರೇ’ ಎಂದರು ಎಂಬುದು ಪ್ರಸಿದ್ಧ ಕಥೆ. ಕೇಳಿದ ಕೂಡಲೇ ‘ದಾನಶೂರ ಕರ್ಣ’ ಎಂದುಬಿಡುತ್ತೇವೆ. ಆದರೆ ಕರ್ಣ ಕೊಟ್ಟಿದ್ದು ತನ್ನದೇ ಕವಚ, ಕುಂಡಲ. ಲಾರೆನ್ಸರು ಕೊಟ್ಟದ್ದರಲ್ಲಿ ಸ್ವಂತದ್ದೇನೂ ಇರಲಿಲ್ಲ. ಬಡವರಿಗೆಂದೇ ಕೂಡಿದ್ದನ್ನು, ಪ್ರಾಣ ಹೋಗುವ ಹೊತ್ತಿನಲ್ಲೂ, ಬಡವರಿಗೇ ಮುಟ್ಟಿಸಿದರು. ಸಾರ್ವಜನಿಕ ಹಣ ಕೈಯಲ್ಲಿದ್ದವರನ್ನು ನೋಡಿರುವ ನನಗೆ ಇದೇ ಹೆಚ್ಚು ಕಷ್ಟದ್ದೆನಿಸುತ್ತದೆ.

ಈ ಕಥೆಯನ್ನು ಬರೆದಿಟ್ಟವರಲ್ಲಿ ಮೊದಲಿಗರಾದ ಮಿಲಾನಿನ ಬಿಷಪ್ ಆಂಬ್ರೋಸರಿಗೂ ಅದು ಬೇಕಾಗಿದ್ದು ವ್ಯವಹಾರದ ಕಾರಣಕ್ಕೇ. ಲಾರೆನ್ಸ್ ಸತ್ತು ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ, ಸೆರೆಯಾಳುಗಳನ್ನು ಹಣ ತೆತ್ತು ಬಿಡಿಸಲು ಅವರು ಚರ್ಚಿನ ಪವಿತ್ರ ಪಾತ್ರೆಗಳನ್ನು ಒಡೆಸಿದ್ದರು. ವಿರೋಧಿಗಳು ಗದ್ದಲ ಎಬ್ಬಿಸಿದರು. ಧರ್ಮಸಭೆಯಲ್ಲಿ ಚಿನ್ನ ಇರುವುದು ಕಾಪಿಡುವುದಕ್ಕಲ್ಲ, ವೆಚ್ಚ ಮಾಡುವುದಕ್ಕೆ ಎಂದ ಅವರು ಲಾರೆನ್ಸರನ್ನು ಸಾಕ್ಷಿಗೆ ಕರೆದರು. ಹಾಗೆಂದು ಸಿಕ್ಕಿದ್ದನ್ನೆಲ್ಲ ಮಾರಿಬಿಡಿ ಎನ್ನಲಿಲ್ಲ, ಕ್ರಮವನ್ನೂ ಹೇಳಿದರು: ಇನ್ನೂ ಪೂಜೆಗೆ ಬಳಸದ ಪಾತ್ರೆಗಳನ್ನು ಮೊದಲು ಹುಡುಕಬೇಕು, ಪೂಜೆಯ ಬಟ್ಟಲು ಅದೇ ರೂಪದಲ್ಲಿ ಹೊರಗೆ ಹೋಗಿ ಯಾರದೋ ಕೆಟ್ಟ ಬಳಕೆಗೆ ಬೀಳಬಾರದು, ಅದಕ್ಕೇ ಒಳಗೇ ಒಡೆದು, ಕರಗಿಸಿ, ಚೂರು ಚೂರಾಗಿ ಹಂಚಬೇಕು.